ಕೆಂಪು ಶಾಯಿ ಮತ್ತು ಚಗಳಿ ಗೂಡು

ಕಾಗುಣಿತ ತಪ್ಪಿದರೆ ಸಹಿಸದ ಮೇಷ್ಟರೆಂದು ನನಗೆ ಹೆಸರಿತ್ತು. ಮಲೆನಾಡಿನ ಶಾಲೆಯೊಂದರಲ್ಲಿದ್ದಾಗ ಒಮ್ಮೆ ಮಕ್ಕಳನ್ನು ಹಿತ್ತಲ ಮಾವಿನ ಮರದಡಿಗೆ ಕರೆದೊಯ್ದು, ಕಂಡದ್ದನ್ನು ಬರೆಯಿರಿ ಎಂದೆ. ಒಬ್ಬ ಹುಡುಗ, ಚಗಳಿ ಇರುವೆಗಳು ತಮ್ಮ ಮರಿಗಳನ್ನೇ ಕಚ್ಚಿ ಹಿಡಿದು ಎಲೆ ಹೊಲಿಯುತ್ತವೆ ಎಂದು ಬರೆದ. ನಾಲ್ಕು ಸಾಲಿಗೆ ಆರು ತಪ್ಪು. ಆರಕ್ಕೂ ಕೆಂಪು ಶಾಯಿಯ ಗೆರೆ ಎಳೆದು, ಕೆಳಗೆ 'ಮರಿಯನ್ನು ಹಿಡಿದು ಹೊಲಿಯುವುದುಂಟೇ?' ಎಂದು ಷರಾ ಬರೆದೆ. ಮರುವಾರ ಅವನು ಪಠ್ಯಪುಸ್ತಕದ ಇರುವೆ ಪಾಠವನ್ನು ಒಂದೂ ತಪ್ಪಿಲ್ಲದೆ ನಕಲು ಮಾಡಿ ತಂದ. 'ಉತ್ತಮ' ಎಂದು ಬರೆದುಕೊಟ್ಟೆ.

ಎಷ್ಟೋ ವರ್ಷಗಳ ಮೇಲೆ ಅಮೆರಿಕದ ನಿಸರ್ಗಪಾಠದ ಚರಿತ್ರೆ ಓದುವಾಗ ಈ ಹುಡುಗ ನೆನಪಾದ. 1890ರ ದಶಕದ ಮೊದಲಲ್ಲಿ ನ್ಯೂಯಾರ್ಕ್ ರಾಜ್ಯದ ಬೇಸಾಯ ಕುಸಿದು ಹಳ್ಳಿಯ ಎಳೆಯರು ಪಟ್ಟಣ ಸೇರತೊಡಗಿದ್ದರು. ಸುತ್ತಲಿನ ಗಿಡಮರ, ಹುಳಹುಪ್ಪಟೆಗಳಲ್ಲಿ ಮಕ್ಕಳಿಗೆ ಆಸಕ್ತಿ ಹುಟ್ಟಿಸಿದರೆ ಅವರು ಊರಲ್ಲೇ ನಿಂತಾರು ಎಂಬ ಎಣಿಕೆಯಿಂದ ಕಾರ್ನೆಲ್ ವಿಶ್ವವಿದ್ಯಾಲಯ ಈ ಕೆಲಸಕ್ಕೆ ಇಳಿಯಿತು. ಪಟ್ಟಣದ ಸೆಳೆತವೇನೂ ನಿಲ್ಲಲಿಲ್ಲ, ಆ ಮಾತು ಬೇರೆ. ಲಿಬರ್ಟಿ ಹೈಡ್ ಬೈಲಿ ಇದರ ಮುಂದಾಳು. ಜಾನ್ ಸ್ಪೆನ್ಸರ್ ಎಂಬ ಹಣ್ಣು ಬೆಳೆಗಾರ 'ಅಂಕಲ್ ಜಾನ್' ಎನಿಸಿಕೊಂಡು ಮಕ್ಕಳ ಸಂಘಗಳನ್ನು ಕಟ್ಟಿದ. ಸಂಘದ ವಂತಿಗೆ ದುಡ್ಡಲ್ಲ. ಕಂಡದ್ದನ್ನು ಕುರಿತು ಅವನಿಗೊಂದು ಕಾಗದ ಬರೆಯಬೇಕು, ಅಷ್ಟೆ.

ಇವರೊಡನೆ ದುಡಿದ ಅನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಕೀಟಗಳ ಚಿತ್ರವನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದವಳು. ಒಂದು ಗೆರೆ ಜಾರಿದರೂ ಅಚ್ಚು ಕೆಡುವ ಕಸುಬು ಅದು. ಅಂಥ ಕೈಯವಳು 1911ರಲ್ಲಿ ಶಿಕ್ಷಕರಿಗೆಂದು ತಂದ ದಪ್ಪ ಕೈಪಿಡಿಯಲ್ಲಿ ಹೇಳುತ್ತಾಳೆ: ಹೊರಗೆ ನೋಡಿ ಬರೆದ ಟಿಪ್ಪಣಿ ಪುಸ್ತಕ ಮಗುವಿನ ಸ್ವಂತದ್ದು, ಹುರಿದುಂಬಿಸುವುದಕ್ಕಲ್ಲದೆ ಮೇಷ್ಟರು ಅದರ ಬಗ್ಗೆ ಬಾಯಿ ತೆರೆಯಬಾರದು. ಮಗು ಕೇಳಿದ್ದು ತಿಳಿಯದಿದ್ದರೆ 'ಗೊತ್ತಿಲ್ಲ' ಎನ್ನಬೇಕು, ಕೂಡಿ ಹುಡುಕಬೇಕು. ನಷ್ಟವಾದೀತೆಂದು ಆಕೆಯ ಗಂಡನೇ ಹೆದರಿದ್ದ ಆ ಪುಸ್ತಕ ಹಲವು ಮುದ್ರಣ ಕಂಡಿತು. 'ಗೊತ್ತಿಲ್ಲ' ಎಂಬ ಮಾತು ನನ್ನ ಸರ್ವೀಸಿನಲ್ಲಿ ಒಮ್ಮೆಯೂ ನನ್ನ ಬಾಯಿಂದ ಬಂದದ್ದಿಲ್ಲ.

ಚಗಳಿ ಮರಿಯ ಬಾಯಿಂದ ರೇಷ್ಮೆಯ ಎಳೆ ಬರುತ್ತದಂತೆ. ದೊಡ್ಡ ಇರುವೆ ಅದನ್ನು ಮೆಲ್ಲಗೆ ಕಚ್ಚಿ ಹಿಡಿದು, ಈ ಎಲೆಯ ಅಂಚಿನಿಂದ ಆ ಎಲೆಯ ಅಂಚಿಗೆ ಮುಟ್ಟಿಸುತ್ತ ಗೂಡು ಹೊಲಿಯುತ್ತದೆ. ಇದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಆ ಹುಡುಗ, ಈಗ ತಲೆ ನರೆತವನು, ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ನೀನು ಬರೆದದ್ದೇ ಸರಿ ಕಣಪ್ಪಾ ಎಂದೆ. 'ನಾನು ಹಾಗೆ ಬರೆದಿದ್ದೆನಾ ಸಾರ್?' ಎಂದು ನಕ್ಕು, ಬಸ್ಸು ಬಂತೆಂದು ಹೊರಟುಹೋದ.