ಎರಡು ಬಿಂದುಗಳ ಚರಿತ್ರೆ

ಜತ್ತ ಸೀಮೆಯವರಾದ ನಮ್ಮ ಮನೆಮಾತು ಕನ್ನಡ. ಆದರೆ ಕಣ್ಣಿನ ರೋಗಗಳಿಗೆ ನಾವು ಬಳಸುವ ಹೆಸರುಗಳು ಮರಾಠಿಯವು. ಒಳನಾಡಿನ ಕನ್ನಡಿಗರು ಪೊರೆ ಎನ್ನುವುದು ನಮಗೆ ಮೋತಿಬಿಂದು. ವೈದ್ಯರು ಗ್ಲಾಕೋಮಾ ಎನ್ನುವುದು ಕಾಚಬಿಂದು. ಒಂದು ಮುತ್ತು, ಇನ್ನೊಂದು ಗಾಜು. ಎರಡರ ಕೊನೆಗೂ ಬಿಂದುವೇ ಇರುವುದರಿಂದ ಜನರು ಇವನ್ನು ಅಕ್ಕತಂಗಿಯರೆಂದು ಬಗೆದರು. ಈ ತಪ್ಪು ತಿಳುವಳಿಕೆಯಿಂದ ಕೆಟ್ಟ ಕಣ್ಣುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನಮ್ಮ ಎಡಗಣ್ಣೂ ಅವುಗಳಲ್ಲಿ ಒಂದು.

ಮೋತಿಬಿಂದುವಿನ ಚಿಕಿತ್ಸೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಲಾಕೆಯಿಂದ ಮಾಡುವ ಶಸ್ತ್ರಕ್ರಿಯೆಯ ವರ್ಣನೆಯಿದೆ. ಊರೂರು ತಿರುಗುತ್ತಿದ್ದ ಕಣ್ಣಿನ ವೈದ್ಯರು ಇಪ್ಪತ್ತನೆಯ ಶತಮಾನದಲ್ಲಿಯೂ ಆ ಬಗೆಯ ಸೂಜಿಯನ್ನೇ ಹಿಡಿದಿದ್ದರು. ಮಸುಕಾದ ಮಸೂರವನ್ನು ಅವರು ಹೊರತೆಗೆಯುತ್ತಿರಲಿಲ್ಲ, ಕಣ್ಣಿನೊಳಗೇ ಹಿಂದಕ್ಕೆ ತಳ್ಳುತ್ತಿದ್ದರು. ಕೂಡಲೇ ಬೆಳಕು ಕಾಣುತ್ತಿತ್ತು, ದಕ್ಷಿಣೆಯೂ ಸಲ್ಲುತ್ತಿತ್ತು. ಬಾವು ಏರಿ ಕಣ್ಣು ಕೆಡುವ ಹೊತ್ತಿಗೆ ವೈದ್ಯ ಬೇರೊಂದು ಊರಿನಲ್ಲಿರುತ್ತಿದ್ದ. ಮದರಾಸಿನ ಸರಕಾರಿ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ಟರು ಹೀಗೆ ಕೆಟ್ಟ ಕಣ್ಣುಗಳನ್ನು ನೂರಾರು ಸಂಖ್ಯೆಯಲ್ಲಿ ಪರೀಕ್ಷಿಸಿ ಆ ಪದ್ಧತಿಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಕಾಚಬಿಂದುವಿನ ಒತ್ತಡವನ್ನು ತಗ್ಗಿಸಲು ಕಣ್ಣಿಗೆ ಸಣ್ಣ ರಂಧ್ರ ಕೊರೆಯುವ ವಿಧಾನಕ್ಕಾಗಿಯೂ ಪ್ರಸಿದ್ಧರಾದವರು ಇದೇ ಎಲಿಯಟ್ಟರು. ಎರಡೂ ಬಿಂದುಗಳನ್ನು ಬೇರೆಬೇರೆಯಾಗಿ ಕಂಡ ಇಂಥವರ ಅರಿವು ನಮ್ಮ ಹಳ್ಳಿಗಳನ್ನು ಮುಟ್ಟಲಿಲ್ಲ.

ಮಸೂರವನ್ನು ಹೊರತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ಡೇವಿಯೆಲ್ 1747ರಲ್ಲಿ ಆರಂಭಿಸಿದ್ದನು. ಅದು ನಮ್ಮ ಸೀಮೆಗೆ ಬಂದುದು ಮಿರಜಿನ ದಾರಿಯಿಂದ. ಕೆನಡಾದಲ್ಲಿ ಜನಿಸಿದ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಆಗಿನ ಜತ್ತ ಸಂಸ್ಥಾನದವರಿಗೆ ಮಿರಜು ದೂರವೇನಲ್ಲ, ಹತ್ತಿರವೂ ಅಲ್ಲ. ಕಣ್ಣು ಕಾಣದ ಮುದುಕರನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋಗಿಬರಲು ಮನೆಯ ಇಬ್ಬರು ದುಡಿಯುವವರು ಹೊಲದ ಕೆಲಸ ಬಿಡಬೇಕಿತ್ತು. ಬಾರ್ಸಿ ಲೈಟ್ ರೈಲು ಮಿರಜನ್ನು ಸೇರಿದ ಮೇಲೆ ಪ್ರಯಾಣ ಕೊಂಚ ಸುಲಭವಾಯಿತು. ಆದರೂ ಹೋದವರಿಗಿಂತ ಮನೆಯ ಮೂಲೆಯಲ್ಲಿ ಕುಳಿತವರೇ ಹೆಚ್ಚು.

ರೋಗಿ ಆಸ್ಪತ್ರೆಗೆ ಹೋಗಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕೆಂದು ನಿಶ್ಚಯಿಸಿದವರಲ್ಲಿ ಅಗ್ರಗಣ್ಯರು ಡಾ. ಎಂ. ಸಿ. ಮೋದಿಯವರು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಇವರನ್ನು ನಾವು ನೆರೆಮನೆಯವರೆಂದೇ ಹೇಳಿಕೊಳ್ಳುತ್ತೇವೆ. 1943ರಿಂದ ಸಾಮೂಹಿಕ ನೇತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮೋತಿಬಿಂದುಗಳನ್ನು ತೆಗೆದರು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು 6,10,564 ಎಂದು ಗಿನ್ನೆಸ್ ಗ್ರಂಥವು ದಾಖಲಿಸಿತು. ಈ ಅಂಕಿಗಳಿಗಿಂತ ನಮಗೆ ದೊಡ್ಡದಾಗಿ ಕಾಣುವುದು ಬೇರೊಂದು: ಮುಪ್ಪಿನ ಕುರುಡು ಹಣೆಬರಹವಲ್ಲ ಎಂಬ ನಂಬಿಕೆಯನ್ನು ಇಂಥ ಶಿಬಿರಗಳು ಹಳ್ಳಿಗರಲ್ಲಿ ಹುಟ್ಟಿಸಿದವು.

ನಾವು ಕನ್ನಡ ಶಾಲೆಯ ಹುಡುಗರಾಗಿದ್ದಾಗ ನಮ್ಮ ಶಾಲೆಯಲ್ಲಿಯೂ ಒಂದು ಶಿಬಿರ ನಡೆಯಿತು. ಬೆಂಚುಗಳನ್ನು ಹೊರಗಿಟ್ಟು ನೆಲವನ್ನು ತೊಳೆದರು. ನಮ್ಮ ತಂದೆಯ ತಾಯಿ, ನಾವು ಆಯಿ ಎನ್ನುತ್ತಿದ್ದವರು, ಮೂರನೆಯ ಇಯತ್ತೆಯ ಕೋಣೆಯಲ್ಲಿ ತಲೆಯ ಎರಡೂ ಬದಿಗೆ ಮರಳಿನ ಚೀಲವಿಟ್ಟುಕೊಂಡು ಅಲುಗಾಡದೆ ಮಲಗಿದ್ದರು. ಪಟ್ಟಿ ಬಿಚ್ಚಿದ ದಿನ ನಮ್ಮನ್ನು ನೋಡಿ, “ಇಷ್ಟು ಕರ್ರಗದೀಯೇನೋ ನೀನು?” ಎಂದರು. ಅದೇ ಶಿಬಿರಕ್ಕೆ ದೊಡ್ಡಪ್ಪನವರೂ ಹೋಗಿದ್ದರು. ಅವರನ್ನು ಪರೀಕ್ಷಿಸಿದ ವೈದ್ಯರು, ಇದು ಕಾಚಬಿಂದು, ಹೋದ ದೃಷ್ಟಿ ಬಾರದು ಎಂದು ಮರಳಿ ಕಳಿಸಿದರು. ಊರವರು ವೈದ್ಯರನ್ನೇ ಬೈದರು.

ಆಯಿಯವರ ಕನ್ನಡಕದ ಗಾಜು ಬಹಳ ದಪ್ಪ. ಕಣ್ಣಿನೊಳಗೆ ಕೃತಕ ಮಸೂರವನ್ನಿಡುವ ವಿದ್ಯೆಯನ್ನು ಲಂಡನ್ನಿನ ಹೆರಾಲ್ಡ್ ರಿಡ್ಲೆ 1949ರಲ್ಲೇ ಪ್ರಯೋಗಿಸಿದ್ದರೂ ಅದು ನಮ್ಮಂಥವರಿಗೆ ದೊರೆತುದು ಎಷ್ಟೋ ದಶಕಗಳ ಅನಂತರ. ಕನ್ನಡಕ ಒಡೆದರೆ ಮರಳಿ ಕುರುಡು. ಇಂದು ಶಾಲಾಕೋಣೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ; ಶಿಬಿರದಲ್ಲಿ ತಪಾಸಣೆ ಮಾತ್ರ, ಉಳಿದುದು ಆಸ್ಪತ್ರೆಯಲ್ಲಿ. ಸೋಂಕಿನ ಭಯವನ್ನು ನೆನೆದರೆ ಇದೇ ಸರಿ.

ಆದರೆ ಹಳೆಯ ಕಾಲದ ಒಂದು ಮಾತು ಉಳಿದುಬಿಟ್ಟಿತು: “ಇನ್ನೂ ಹಣ್ಣಾಗಿಲ್ಲ, ತಡೀರಿ.” ಹಿಂದಿನ ಪದ್ಧತಿಯಲ್ಲಿ ಕಾಯಿ ಪೊರೆಯನ್ನು ತೆಗೆದರೆ ಅದರ ಅಂಶ ಒಳಗುಳಿಯುತ್ತಿತ್ತು, ಆದಕಾರಣ ಕಾಯುವುದು ವಿವೇಕವೇ ಆಗಿತ್ತು. ಈಗಿನ ಪದ್ಧತಿಗೆ ಆ ಕಾಯುವಿಕೆ ಬೇಕಿಲ್ಲ. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನ ಒತ್ತಡವೇ ಏರುವುದುಂಟು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಬಂದ ಬಳಿಕವೂ ನಮ್ಮ ಕಟ್ಟೆಗಳ ಮೇಲೆ ಈ ಹಳೆಯ ಮಾತೇ ನಡೆಯುತ್ತಿತ್ತು.

ಅನ್ಯರನ್ನು ಏಕೆ ದೂರಬೇಕು? ನಿವೃತ್ತರಾದ ಬಳಿಕ ಎಡಗಣ್ಣು ಮಂದವಾದಾಗ ನಾವೂ ಮೋತಿಬಿಂದುವೆಂದೇ ನಿರ್ಣಯಿಸಿ, ಹಣ್ಣಾಗಲೆಂದು ಎರಡು ವರ್ಷ ಕಾದೆವು. ನೋವಿರಲಿಲ್ಲ. ಎಡಬದಿಯ ಬಾಗಿಲುಪಟ್ಟಿಗೆ ಹೆಗಲು ತಾಗುತ್ತಿತ್ತು, ವಯಸ್ಸೆಂದುಕೊಂಡೆವು. ಕಾಚಬಿಂದುವಿನ ಬಗೆಯೇ ಅದು: ಒಳಗಿನ ಒತ್ತಡದಿಂದ ದೃಷ್ಟಿನರ ಸವೆಯುತ್ತದೆ, ಮೊದಲು ಬದಿಯ ನೋಟ ಹೋಗುತ್ತದೆ, ಎದುರಿನ ಅಕ್ಷರ ಬಹುಕಾಲ ಕಾಣುತ್ತಲೇ ಇರುತ್ತದೆ. ಈಗ ನಿತ್ಯ ಹಾಕುವ ಹನಿ ಔಷಧವು ಉಳಿದುದನ್ನು ಕಾಯುತ್ತದೆಯೇ ಹೊರತು ಕಳೆದುದನ್ನು ತರುವುದಿಲ್ಲ.

ಈ ರೋಗ ಮನೆತನದಲ್ಲಿ ಹರಿದುಬರುವುದುಂಟೆಂದು ವೈದ್ಯರು ಹೇಳಿದಾಗ ದೊಡ್ಡಪ್ಪನವರ ನೆನಪಾಯಿತು. ಒಡಹುಟ್ಟಿದವರನ್ನೂ ಮಕ್ಕಳನ್ನೂ ಒಂದೇ ಗಾಡಿಯಲ್ಲಿ ಮಿರಜಿಗೆ ಕರೆದೊಯ್ದೆವು. ಕಿರಿಯ ತಮ್ಮನ ಎರಡೂ ಕಣ್ಣುಗಳಲ್ಲಿ ಒತ್ತಡ ಹೆಚ್ಚಾಗಿತ್ತು. “ಅಣ್ಣಾ, ನನಗ ಎಲ್ಲಾ ಛಂದ ಕಾಣತೈತಲ್ಲ” ಎಂದು ಅವನು ವಾದಿಸಿದನು. ಆ ರಾತ್ರಿಯಿಂದಲೇ ಅವನಿಗೂ ಹನಿ ಹಾಕಲು ಆರಂಭಿಸಿದೆವು.