ದಾನ ಕೊಟ್ಟವರ ತಕರಾರು

ಧರ್ಮದ ಹೆಸರಿನ ಹೈಸ್ಕೂಲುಗಳಿಗೆ ಚಂದಾ ಎತ್ತುವವರು ನಮ್ಮ ಕೇರಿಗೂ ಬರುತ್ತಾರೆ. ಕೈಯಲ್ಲಿ ರಸೀದಿ ಪುಸ್ತಕ. ಕಾಸಿಲ್ಲದಿದ್ದರೆ ರಾಗಿ ಕೊಡಿ, ರಾಗಿಯೂ ಇಲ್ಲದಿದ್ದರೆ ಎರಡು ದಿನ ಬಂದು ಕಲ್ಲು ಮಣ್ಣು ಹೊರಿ, ಅದೂ ಸೇವೆಯೇ ಅಂತಾರೆ. ವಿದ್ಯೆಗೆ ಕೊಡಬಾರದು ಅನ್ನುವ ಜನ ನಾವಲ್ಲ. ಆದರೆ ಕೊಡುವ ಮುಂಚೆ ಒಂದು ಹಳೇ ಲೆಕ್ಕ ನೋಡಬೇಕಾಗಿದೆ. ದಾನ ಕೊಟ್ಟವನಿಗೆ ಶಾಲೆಯ ಬಾಗಿಲ ಮೇಲೆ ಎಷ್ಟು ಹಕ್ಕು? ಈ ಪ್ರಶ್ನೆ ಸರ್ಕಾರದ ಕಾಗದದ ಮೇಲೆ ಬಿದ್ದದ್ದು ನಮ್ಮ ಧಾರವಾಡದ ಒಬ್ಬ ಹುಡುಗನಿಂದ.

1856ರಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಲಿಲ್ಲ. ಮುಂಬೈ ಸರ್ಕಾರ ಕೊಟ್ಟ ಕಾರಣ ಇಷ್ಟು: ಅರ್ಜಿ ಹಿಡಿದು ಬಂದವನು ಒಬ್ಬನೇ, ಆ ಒಬ್ಬನನ್ನು ಒತ್ತಾಯದಿಂದ ಕೂರಿಸಿದರೆ ಉಳಿದವರೆಲ್ಲ ಎದ್ದು ಹೋಗಿ ಶಾಲೆಯೇ ಕೆಲಸಕ್ಕೆ ಬಾರದೆ ಹೋದೀತು. ಒಬ್ಬನೇ ಯಾಕಪ್ಪ ಬಂದ ಅಂತ ಯಾರೂ ಕೇಳಿಕೊಳ್ಳಲಿಲ್ಲ. 1857ರಲ್ಲಿ ಕಲ್ಕತ್ತೆಯ ಸರ್ಕಾರ, ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಬಹುಶಃ ಹಿಂದೆ ಕಳಿಸುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದರು. ಇಲ್ಲಿಯವರೆಗೆ ಕೇಳಿದರೆ ನ್ಯಾಯ ಗೆದ್ದಂತೆ ಕಾಣುತ್ತದೆ.

ಆಮೇಲೆ ಮುಂಬೈ ಸರ್ಕಾರ ಹೊರಡಿಸಿದ ಪ್ರಕಟಣೆಯನ್ನು ನಿಧಾನವಾಗಿ ಓದಬೇಕು. ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರುತ್ತವೆ ಎಂದಿತು. ಆದರೆ ಊರಿನ ದಾನಿಗಳೂ ಖರ್ಚಿನಲ್ಲಿ ಪಾಲು ಹೊರುವ ಶಾಲೆಗಳಲ್ಲಿ, ಆ ದಾನಿಗಳು ಬೇಡವೆಂದರೆ, ಕೆಳಜಾತಿಯ ಮಕ್ಕಳನ್ನು ಸೇರಿಸುವ ಯೋಚನೆ ತನಗಿಲ್ಲ ಎಂದೂ ಹೇಳಿತು. ಜಾತಿಯ ಕಾರಣಕ್ಕೆ ಮಕ್ಕಳನ್ನು ಹೊರಗಿಡುವ ಶಾಲೆಗೆ ಸಹಾಯಧನ ನಿರಾಕರಿಸುವ ಹಕ್ಕನ್ನು ಮಾತ್ರ ಕೈಯಲ್ಲಿ ಇಟ್ಟುಕೊಂಡಿತು. ನಾಲ್ಕು ರೂಪಾಯಿ ಚಂದಾ ಕೊಟ್ಟವನ ತಕರಾರಿಗೆ ಇದ್ದ ಬೆಲೆ ಬಾಗಿಲಲ್ಲಿ ನಿಂತ ಮಗುವಿನ ಅರ್ಜಿಗೆ ಇರಲಿಲ್ಲ. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ ಮುಂದೆ ಇದೇ ಕಾಗದಗಳನ್ನು ಬಿಚ್ಚಿಟ್ಟರು.

1854ರ ವುಡ್ಡನ ವರದಿಯಿಂದ ಶುರುವಾದ ಸಹಾಯಧನದ ಪದ್ಧತಿಯೂ ಇದಕ್ಕೆ ಹೊಂದಿಕೊಂಡಿತ್ತು. ಊರವರು ಹಣ ಕೂಡಿಸಿ ಶಾಲೆ ನಡೆಸಿದರೆ, ಸರ್ಕಾರ ಅದರ ಮೇಲೆ ಒಂದಿಷ್ಟು ಹಾಕುತ್ತದೆ. ಯಾವ ಧರ್ಮದ ಶಾಲೆಯಾದರೂ ಸರಿ. ಕೇಳೋಕೆ ಚೆನ್ನಾಗಿದೆ. ಇದ್ದವನು ಕೂಡಿಸಬಲ್ಲ, ಅವನಿಗೆ ಇನ್ನಷ್ಟು. ಇಲ್ಲದವನಿಗೆ? ಆ ಸಹಾಯಧನಕ್ಕೆ ಖಜಾನೆ ತುಂಬಿಸಿದ ಕಂದಾಯ ಯಾವ ಹೊಲದ್ದು, ಆ ಹೊಲದಲ್ಲಿ ಬಗ್ಗಿದ ಬೆನ್ನು ಯಾರದು ಎಂಬುದು ಯಾವ ರಸೀದಿಯಲ್ಲೂ ಇಲ್ಲ. ನಮ್ಮಜ್ಜಂದಿರು ಮಾಡಿದ್ದು ಬಿಟ್ಟಿ. ಬೇರೆಯವರು ಮಾಡಿದ್ದು ಸೇವೆ.

ಇನ್ನೊಂದು ಬಗೆಯ ದಾನವೂ ಇತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಮಿಷನ್ನಿನ ಖರ್ಚಿಗೆ ಹಣ ಸಾಲದಾದಾಗ, 1855ರಲ್ಲಿ ಬಾಸೆಲ್ಲಿನ ರೇಷ್ಮೆ ಪಟ್ಟಿಯ ಕಾರ್ಖಾನೆಯ ಒಡೆಯ ಕಾರ್ಲ್ ಸರಸಿನ್ ಒಂದು ಉಪಾಯ ಮಾಡಿದ. ವಾರಕ್ಕೆ ಒಂದು ಅರ್ಧ ಬಾಟ್ಸನ್ ಕೊಡಿ, ಸಾಕು. ಅರ್ಧ ಬಾಟ್ಸನ್ ಅಂದರೆ ಅಲ್ಲಿಯ ಚಿಲ್ಲರೆ ಕಾಸು. ಸಂಬಳವಿಲ್ಲದ ಜನ ಮನೆಮನೆ ತಿರುಗಿ ಅದನ್ನು ಎತ್ತಿದರು. ಕಂಡರಿಯದ ಮಕ್ಕಳಿಗಾಗಿ ಯಾವುದೋ ಊರಿನ ಕೂಲಿಯವರೂ ಕಾಸು ಹಾಕಿದರು. ಆ ದಾನಿಗೆ ನಮ್ಮ ಜಾತಿ ಗೊತ್ತಿರಲಿಲ್ಲ, ಪಕ್ಕದಲ್ಲಿ ಯಾರು ಕೂರುತ್ತಾರೆಂಬ ತಕರಾರೂ ಅವನಿಗಿರಲಿಲ್ಲ. ಅವನಿಗೆ ಬೇರೆ ಆಸೆಯಿತ್ತು: ಅಕ್ಷರದ ಜೊತೆ ಬೈಬಲ್ಲು. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರಿಸ್ತಮತಕ್ಕೆ ಸೇರಿದಾಗ ಊರೆಲ್ಲ ಗದ್ದಲವೆದ್ದಿತು. ಮುಂದೆ ಕೊಡಗಿನಲ್ಲಿ, ಜಮ್ಮಾ ಭೂಮಿಗೆ ಕಟ್ಟುಬಿದ್ದಿದ್ದ ಹೊಲೆಯರಿಗಾಗಿ ಎದ್ದ ಊರಿಗೆ ಆನಂದಪುರ ಎಂದು ಹೆಸರಾದದ್ದು ಇವನಿಂದಲೇ. ಷರತ್ತಿಲ್ಲದ ದಾನವಲ್ಲ ಅದು, ನಿಜ. ಆದರೆ ಆ ಷರತ್ತಿಗೆ ಹೂಂ ಅನ್ನಬಹುದಿತ್ತು, ಉಹೂಂ ಅನ್ನಬಹುದಿತ್ತು. ಧಾರವಾಡದ ಹುಡುಗ ಯಾವುದಕ್ಕೆ ಹೂಂ ಅಂದಿದ್ದರೆ ಒಳಗೆ ಬಿಡುತ್ತಿದ್ದರು?

ಲಿಂಗಾಯತ ಸಮಾಜದ ಕಥೆ ಬೇರೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿ ಶಾಲೆ ತೆರೆದರು. ಅದು ಮುಂದೆ ಗಿಲಗಂಚಿ ಅರಟಾಳ ಹೈಸ್ಕೂಲಾಯಿತು. ದಾನಿಗಳ ಹೆಸರು ಗೋಡೆಯ ಮೇಲೆ ನಿಂತಿತು. ಆ ಏಳು ಮಂದಿಯ ತ್ಯಾಗವನ್ನು ನಾವು ಹಗುರ ಮಾಡುವುದಿಲ್ಲ. ಒಂದು ಸಮಾಜ ತನ್ನ ಮಕ್ಕಳನ್ನು ಹೀಗೇ ಎತ್ತಬೇಕು. ಆದರೆ ದೇಸಗತಿ ಇದ್ದವರು ದೇಸಗತಿ ಕೊಟ್ಟರು. ತಳವಾರಿಕೆಯ ತುಂಡು ಹೊಲ ಇದ್ದವರು ಏನು ಕೊಡಬೇಕಿತ್ತು? ಹರಳಯ್ಯನ ಕುಲದವರು ತೊಡೆಯ ಚರ್ಮ ಆಗಲೇ ಕೊಟ್ಟಾಗಿತ್ತಲ್ಲ. ಸಿದ್ಧಗಂಗೆಯಂಥ ಕಡೆ ಎಲ್ಲ ಜಾತಿಯ ಬಡ ಮಕ್ಕಳಿಗೂ ಅನ್ನ, ಅಕ್ಷರ ಸಿಕ್ಕಿದೆ. ಅದಕ್ಕೆ ಹಳ್ಳಿಹಳ್ಳಿಯ ಧಾನ್ಯ ಸೇರಿದೆ. ಅದನ್ನೂ ಹೇಳಲೇಬೇಕು.

1858ರ ಆ ಪ್ರಕಟಣೆಗೆ ಸರಿಯಾದ ಉತ್ತರ ಬಂದದ್ದು 1950ರಲ್ಲಿ. ಸರ್ಕಾರದ ಒಂದು ಕಾಸು ತಿನ್ನುವ ವಿದ್ಯಾಸಂಸ್ಥೆಯೂ ಜಾತಿ, ಧರ್ಮದ ಒಂದೇ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸಂವಿಧಾನದ 29ನೇ ವಿಧಿ ಹೇಳಿತು. ಇಂಥ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮದ ಪಾಠಕ್ಕೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳಿತು. ದಾನಿಯ ತಕರಾರು ಕಾಗದದ ಮೇಲೆ ಅಲ್ಲಿಗೆ ಮುಗಿಯಿತು. ಹಳ್ಳಿಯ ಮೇಷ್ಟ್ರುಗಳು ಈ ಎರಡು ವಿಧಿಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೇದು.

ಮೊನ್ನೆ ರಸೀದಿ ಪುಸ್ತಕದವರು ಮತ್ತೆ ಬಂದಾಗ ಕೂರಿಸಿ, ನೀರು ಕೊಟ್ಟು ಕೇಳಿದೆವು: "ನಿಮ್ಮ ಹಾಸ್ಟೆಲಿನಲ್ಲಿ ನಮ್ಮ ಹುಡುಗರು ಎಷ್ಟು ಜನ ಅವ್ರೆ? ಒಂದೇ ಪಂಕ್ತೀಲಿ ಉಣ್ತಾರಾ? ಕಕ್ಕಸು ತೊಳೆಯೋ ಸೇವೆ ಯಾರ ಪಾಳಿ? ಕಮಿಟೀಲಿ ನಮ್ಮೋರು ಯಾರು?" ಬಂದವರಲ್ಲಿ ಹಿರಿಯರು ನೀರಿನ ಲೋಟ ಕೆಳಗಿಟ್ಟು, ಕೇಳಿಕೊಂಡು ಬಂದು ಹೇಳ್ತೀವಿ ಅಂದರು. ಲೋಟದಲ್ಲಿ ನೀರು ಹಾಗೇ ಇತ್ತು. ರಸೀದಿಯಲ್ಲಿ ನಮ್ಮ ಹೆಸರು ಆಗಲೇ ಬರೆದಾಗಿತ್ತು, ಮೊತ್ತದ ಜಾಗ ಖಾಲಿ ಇತ್ತು. ಆ ಹಾಳೆ ಹರಿಯಬೇಡಿ, ಉತ್ತರ ತನ್ನಿ, ರಾಗಿ ಅಳೆದಿಟ್ಟಿರುತ್ತೇವೆ ಅಂದೆವು.