ಉಪ್ಪು, ಹಿಮ ಮತ್ತು ಮನೆಯಂಗಳದ ಕಾಂಕ್ರೀಟು

1891ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಬೆಲ್‌ಫೌಂಟನ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬಾರ್ತಲೊಮ್ಯೂ ಎಂಬಾತ ಬೀದಿಗೆ ‘ಕೃತಕ ಕಲ್ಲು’ ಹಾಸುತ್ತೇನೆಂದು ಹೊರಟ. ಊರಿನ ಆಡಳಿತಕ್ಕೆ ಸುಲಭವಾಗಿ ನಂಬಿಕೆ ಬರಲಿಲ್ಲ. ಮೊದಲು 8 ಅಡಿ ಅಗಲದ ಒಂದು ಪಟ್ಟಿಗಷ್ಟೇ ಒಪ್ಪಿಗೆ ಸಿಕ್ಕಿತು. ಅದು ತಾಳಿಕೊಂಡ ಮೇಲೆ 1893ರಲ್ಲಿ ನ್ಯಾಯಾಲಯದ ಪಕ್ಕದ ಕೋರ್ಟ್ ಅವೆನ್ಯೂಗೆ ಕಾಂಕ್ರೀಟು ಬಿತ್ತು. ಅದಕ್ಕೂ ಬಾರ್ತಲೊಮ್ಯೂ ಸಿಮೆಂಟನ್ನು ಪುಕ್ಕಟೆ ಕೊಡಬೇಕಾಯಿತು. ಐದು ವರ್ಷ ಬಾಳಿಕೆ ಬರುತ್ತದೆಂದು 5,000 ಡಾಲರಿನ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಯಿತು. ಐದು ವರ್ಷದ ಭರವಸೆಯ ಆ ಬೀದಿ ನೂರು ವರ್ಷ ದಾಟಿ ಇಂದಿಗೂ ಉಳಿದಿದೆ.

ಆ ಬೀದಿಯ ಮೇಲ್ಮೈ ನುಣುಪಾಗಿಲ್ಲ. ಕುದುರೆ ಜಾರದಿರಲೆಂದು ಹಸಿ ಕಾಂಕ್ರೀಟಿನ ಮೇಲೆ ಚೌಕಚೌಕವಾಗಿ ಗೀರು ಎಳೆದಿದ್ದರು. ಬಾರ್ತಲೊಮ್ಯೂನ ಕಾಲದಲ್ಲಿ ಕಾಂಕ್ರೀಟಿಗೆ ಎದುರಾಳಿಗಳೆಂದರೆ ಕುದುರೆ ಲಾಳ, ಬಂಡಿಯ ಕಬ್ಬಿಣದ ಪಟ್ಟಿ ಮತ್ತು ಚಳಿಗಾಲ. ಹಿಮ ಕರಗಿಸಲು ಚೆಲ್ಲುವ ಉಪ್ಪು ಇನ್ನೂ ಬೀದಿಗಿಳಿದಿರಲಿಲ್ಲ. ಆ ಬೀದಿಯ ದೀರ್ಘಾಯುಷ್ಯವನ್ನು ಹೊಗಳುವವರು ಈ ಸಂಗತಿಯನ್ನೂ ಸೇರಿಸಿ ಹೇಳುವುದು ನ್ಯಾಯ.

ಚಳಿಗಾಲದ ಪೆಟ್ಟಂತೂ ಹೊಸದಲ್ಲ. ಹೆಪ್ಪುಗಟ್ಟುವ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟು ನೋಡಲು ಬಂಡೆಯಂತಿದ್ದರೂ ಅದರ ಒಡಲಲ್ಲಿ ಸೂಜಿಮೊನೆಗೂ ಸಿಗದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವು ನೀರಿನಿಂದ ತುಂಬಿದ್ದಾಗ ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಮತ್ತೆ ಹೆಪ್ಪುಗಟ್ಟುವ ಆಟ ನಡೆದರೆ ಯಾವ ಗಾರೆಯೂ ತಡೆಯದು. ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ವಾಸ್ತುಶಿಲ್ಪದ ಕುರಿತ ತನ್ನ ಗ್ರಂಥದಲ್ಲಿ ಬಯಲಿನ ಗಾರೆ ನೆಲಕ್ಕೆ ಒಂದು ಉಪಾಯ ಬರೆದಿಟ್ಟಿದ್ದ: ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ನೆಲಕ್ಕೆ ಎಣ್ಣೆಯ ಮಡ್ಡಿಯನ್ನು ಚೆನ್ನಾಗಿ ಕುಡಿಸಬೇಕು, ಆಗ ಇಬ್ಬನಿಯ ಹೆಪ್ಪು ಒಳಗಿಳಿಯುವುದಿಲ್ಲ. ಆಲಿವ್ ಗಾಣದ ತಳದಲ್ಲಿ ಉಳಿಯುವ, ಯಾರಿಗೂ ಬೇಡವಾದ ಜಿಡ್ಡು ಅದು.

ಇಪ್ಪತ್ತನೇ ಶತಮಾನದ ಎಂಜಿನಿಯರುಗಳು ಜಿಡ್ಡನ್ನು ನೆಚ್ಚಲಿಲ್ಲ, ಗಟ್ಟಿತನವನ್ನು ನೆಚ್ಚಿದರು. ನೀರು ಕಡಿಮೆ, ಸಿಮೆಂಟು ಹೆಚ್ಚು, ಎಲ್ಲಿಯೂ ಪೊಳ್ಳಿರಬಾರದು ಎಂಬುದು ಅವರ ಸೂತ್ರ. ಪೊಳ್ಳು ಎಂದರೆ ಕೆಲಸಗಾರನ ಸೋಮಾರಿತನಕ್ಕೆ ಸಾಕ್ಷಿ. ಆದರೂ ಅಮೆರಿಕದ ಉತ್ತರದ ರಾಜ್ಯಗಳ ಹೆದ್ದಾರಿಗಳು ಚಳಿಗಾಲ ಕಳೆದ ಮೇಲೆ ಚಕ್ಕೆಚಕ್ಕೆಯಾಗಿ ಏಳುತ್ತಿದ್ದವು.

1930ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ರಸ್ತೆಗಳು ಮಾತ್ರ ಹಾಗೆ ಏಳದೆ ಉಳಿದದ್ದು ಗಮನಕ್ಕೆ ಬಂತು. ಬೆನ್ನುಹತ್ತಿ ಹೋದವರು ತಲುಪಿದ್ದು ಸಿಮೆಂಟ್ ಗಿರಣಿಗೆ. ಅರೆಯುವ ಕೆಲಸ ಸಲೀಸಾಗಲೆಂದು ಅಲ್ಲಿ ದನದ ಕೊಬ್ಬನ್ನು ಬೆರೆಸುತ್ತಿದ್ದರು. ಆ ಕೊಬ್ಬು ಸಿಮೆಂಟಿನಲ್ಲಿ ಉಳಿದು, ಕಾಂಕ್ರೀಟು ಕಲಸುವಾಗ ಸಾಬೂನಿನಂತೆ ನೊರೆಯೆಬ್ಬಿಸಿ, ಕಣ್ಣಿಗೆ ಕಾಣದ ಗಾಳಿಗುಳ್ಳೆಗಳನ್ನು ಒಳಗೆ ಹಿಡಿದಿಟ್ಟಿತ್ತು. ಯಾವುದನ್ನು ದೋಷವೆಂದು ಓಡಿಸುತ್ತಿದ್ದರೋ ಆ ಪೊಳ್ಳೇ ರಸ್ತೆಯನ್ನು ಕಾದಿತ್ತು! ಮುಂದೆ ಕೊಬ್ಬಿನ ಜಾಗಕ್ಕೆ ಪೈನ್ ಮರದ ಬೊಡ್ಡೆಯಿಂದ ತೆಗೆದ ರಾಳ ಬಂತು. ಇವತ್ತು ಚಳಿನಾಡಿನಲ್ಲಿ ಮನೆಯ ಹೊರಗೆ ಸುರಿಯುವ ಕಾಂಕ್ರೀಟಿನಲ್ಲಿ ಸುಮಾರು ಶೇ 5ರಿಂದ 7ರಷ್ಟು ಗಾಳಿ ಇರಲೇಬೇಕೆಂದು ಕೇಳಿ ಪಡೆಯುತ್ತಾರೆ. ಗಾಳಿ ಶೇ 1 ಹೆಚ್ಚಾದರೆ ಬಲ ಸುಮಾರು ಶೇ 5 ಕುಗ್ಗುತ್ತದೆ ಎಂಬ ಲೆಕ್ಕ ಗೊತ್ತಿದ್ದೇ ಮಾಡುವ ವ್ಯಾಪಾರ ಇದು.

ಗುಳ್ಳೆ ಹೇಗೆ ಕಾಯುತ್ತದೆ ಎಂಬುದನ್ನು ವಿವರಿಸಲು ಹೊರಟವರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ನಿನ ಟಿ. ಸಿ. ಪವರ್ಸ್ ಮುಖ್ಯ. ಹೆಪ್ಪುಗಟ್ಟುವ ನೀರು ಉಳಿದ ನೀರನ್ನು ಒತ್ತಿ ತಳ್ಳುತ್ತದೆ, ಹತ್ತಿರದಲ್ಲೇ ಖಾಲಿ ಗುಳ್ಳೆಯಿದ್ದರೆ ಒತ್ತಡ ಇಳಿಯುತ್ತದೆ ಎಂದು ಅವರು 1945ರಲ್ಲಿ ಊಹೆ ಮುಂದಿಟ್ಟರು. 1949ರಲ್ಲಿ ಗುಳ್ಳೆಗಳ ನಡುವಿನ ಅಂತರಕ್ಕೆ ಲೆಕ್ಕ ಕೊಟ್ಟರು. ಅದು ಮಿಲಿಮೀಟರಿನ ಕಾಲು ಭಾಗಕ್ಕಿಂತ ದೊಡ್ಡದಾಗಬಾರದು. ಕೆಲವೇ ವರ್ಷಗಳಲ್ಲಿ ಪ್ರಯೋಗಗಳು ಬೇರೆ ಮಾತಾಡಿದಾಗ, ನೀರೇ ಹಿಮದ ಕಡೆಗೆ ಹರಿದು ಹೋಗುವುದೂ ಉಂಟೆಂದು ಪವರ್ಸ್ ತಮ್ಮ ಊಹೆಯನ್ನು ತಾವೇ ತಿದ್ದಿಕೊಂಡರು. ವಿವರಣೆ ಬದಲಾಯಿತು, ಗುಳ್ಳೆ ಉಳಿಯಿತು.

ಈ ಗೆಲುವಿನ ಹೊತ್ತಿಗೇ ಉಪ್ಪು ಬಂತು. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಹೆದ್ದಾರಿಗೆ ಉಪ್ಪು ಚೆಲ್ಲಿ ಪರೀಕ್ಷಿಸಿತು. 1941-42ರ ಚಳಿಗಾಲದಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. ಇಂದು ವರ್ಷಕ್ಕೆ ಸುಮಾರು 2 ಕೋಟಿ ಟನ್. ಯುದ್ಧದ ನಂತರ ಮನೆಗೊಂದು ಕಾರು, ಕಾರಿಗೊಂದು ಗ್ಯಾರೇಜು, ಗ್ಯಾರೇಜಿಗೊಂದು ಡ್ರೈವ್‌ವೇ ಬಂದು ಬೀದಿಯ ಉಪ್ಪು ಮನೆಬಾಗಿಲಿಗೂ ಬಂತು. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿಯಿದೆ. ಕೆನಡಾದ ಗಾಡ್‌ರಿಚ್‌ನಲ್ಲಿ 1866ರಲ್ಲಿ ಕಲ್ಲೆಣ್ಣೆ ಹುಡುಕಿ ಕೊರೆದವರಿಗೆ ಸಿಕ್ಕಿದ್ದು ಉಪ್ಪು. 1959ರಲ್ಲಿ ಅಲ್ಲಿ ಹ್ಯೂರಾನ್ ಸರೋವರದ ಕೆಳಗೆ ಗಣಿ ತೆರೆಯಿತು. ಮಿಷಿಗನ್ನಿನಲ್ಲೋ ಟೊರಾಂಟೊದಲ್ಲೋ ಮನೆ ಮಾಡಿದ ಕನ್ನಡಿಗರ ಗ್ಯಾರೇಜಿನ ಮೂಲೆಯಲ್ಲೂ ನವೆಂಬರ್ ಬಂತೆಂದರೆ ಉಪ್ಪಿನ ಚೀಲ ಕೂತಿರುತ್ತದೆ.

ಉಪ್ಪಿನ ಪೆಟ್ಟು ವಿಚಿತ್ರ. ಹೆಚ್ಚು ಉಪ್ಪಿದ್ದರೆ ಹೆಚ್ಚು ಹಾನಿ ಎಂದು ತೋರುತ್ತದೆ, ಹಾಗಲ್ಲ. 1957ರಲ್ಲಿ ವರ್ಬೆಕ್ ಮತ್ತು ಕ್ಲೀಗರ್ ಪರೀಕ್ಷಿಸಿ ನೋಡಿದಾಗ ಅತಿ ಹೆಚ್ಚು ಚಕ್ಕೆ ಎದ್ದದ್ದು ಶೇ 3ರ ಆಸುಪಾಸಿನ ತೆಳು ಉಪ್ಪುನೀರಿನಲ್ಲಿ. ಏಕೆ ಎಂಬುದಕ್ಕೆ ಮನಮುಟ್ಟುವ ಉತ್ತರ ಕೊಡಲು ಅರ್ಧ ಶತಮಾನ ಹಿಡಿಯಿತು. ಗಾಜಿಗೆ ಅಂಟು ಬಳಿದು, ಅಂಟು ಕುಗ್ಗುವಾಗ ಗಾಜಿನ ಮೈಯಿಂದ ಚಕ್ಕೆ ಕಿತ್ತು ಚಿತ್ತಾರ ಮೂಡಿಸುವ ಹಳೆಯ ಕಸುಬೊಂದಿದೆ. ಪ್ರಿನ್ಸ್‌ಟನ್ನಿನ ಜಾನ್ ವಲೆನ್ಜಾ ಮತ್ತು ಜಾರ್ಜ್ ಶೆರರ್ ಕಾಂಕ್ರೀಟಿನ ಮೇಲೂ ಅದೇ ನಡೆಯುತ್ತದೆಂದರು. ಚಳಿ ಏರಿದಂತೆ ಹಿಮದ ಪದರ ಕಾಂಕ್ರೀಟಿಗಿಂತ ಸುಮಾರು ಐದು ಪಟ್ಟು ಕುಗ್ಗುತ್ತದೆ. ಶುದ್ಧ ಹಿಮ ಗಟ್ಟಿ, ಬಿರಿಯದೆ ತಡೆದುಕೊಳ್ಳುತ್ತದೆ. ಉಪ್ಪು ಅತಿಯಾದ ಹಿಮ ಮೆತ್ತಗೆ, ಎಳೆಯುವ ಶಕ್ತಿಯಿಲ್ಲ. ನಡುವಿನ ತೆಳು ಉಪ್ಪಿನ ಹಿಮ ಮಾತ್ರ ಬಿರಿಯುತ್ತದೆ, ಬಿರಿಯುವಾಗ ತಳದ ಕಾಂಕ್ರೀಟಿನ ಮೈಯನ್ನೂ ಕಿತ್ತುಕೊಂಡು ಹೋಗುತ್ತದೆ.

ಹಾಗೆ ಕಿತ್ತು ಹೋಗುವುದು ಉಗುರಿನಷ್ಟು ದಪ್ಪದ ಮೇಲ್ಪದರ; ಅಡಿಯ ಜಲ್ಲಿ ಕಾಣಿಸುತ್ತದೆ. ಎಷ್ಟೋ ಸಲ ಇದರ ಬೀಜ ಬಿದ್ದಿರುವುದು ಕಾಂಕ್ರೀಟು ಸುರಿದ ದಿನವೇ. ಸುರಿದ ಮೇಲೆ ನೀರು ಮೇಲೆ ಜಿನುಗಿ ಬರುತ್ತದೆ. ಅದು ಆರುವ ಮುಂಚೆ ಕರಣೆಯಾಡಿಸಿದರೆ, ಅಥವಾ ನುಣುಪಾಗಲೆಂದು ಮೇಲಿಂದ ನೀರು ಚಿಮುಕಿಸಿದರೆ, ಮೇಲ್ಪದರ ಸಡಿಲವಾಗುತ್ತದೆ. ಬಲ್ಲ ಮೇಸ್ತ್ರಿ ಆ ಹೊಳಪು ಆರುವವರೆಗೆ ಕೈಕಟ್ಟಿ ನಿಲ್ಲುತ್ತಾನೆ, ಆಮೇಲೆ ಪೊರಕೆಯ ಗೆರೆ ಎಳೆದು ಬಿಡುತ್ತಾನೆ. ಹತ್ತಿರ ಬಂದು ನೋಡುವ ಮನೆಯೊಡೆಯನಿಗೆ ಕೂಲಿ ದಂಡವಾಯಿತೆಂದು ಅನ್ನಿಸಿದರೆ ಅದು ಮೇಸ್ತ್ರಿಯ ದುರದೃಷ್ಟ.

ಸುರಿದ ಮೇಲಿನ ಆರೈಕೆಯಲ್ಲಿ ವಿಟ್ರೂವಿಯಸ್ಸನ ಜಿಡ್ಡು ವೇಷ ಬದಲಿಸಿ ಮರಳಿ ಬಂತು. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ಸೇತುವೆಗಳಿಗೂ ಮನೆಯಂಗಳಗಳಿಗೂ ಕುದಿಸಿದ ಅಗಸೆ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಸಮಪಾಲು ಬೆರೆಸಿ ಬಳಿಯುವ ರೂಢಿ ಹಬ್ಬಿತು. ಅಗ್ಗದ ಮದ್ದು, ಆದರೆ ಅಂಗಳ ಕಪ್ಪಿಡುತ್ತಿತ್ತು, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಿತ್ತು. ಈಗ ಆ ಜಾಗದಲ್ಲಿ ಸಿಲೇನ್ ದ್ರಾವಣಗಳಿವೆ. ಅವು ರಂಧ್ರಗಳ ಗೋಡೆಗೆ ಅಂಟಿ ನೀರನ್ನು ಹೊರಗಿಡುತ್ತವೆ, ಒಳಗಿನ ಆವಿಗೆ ದಾರಿ ಬಿಡುತ್ತವೆ. ಉಪ್ಪಿನ ಬದಲು ರಸಗೊಬ್ಬರ ಚೆಲ್ಲುವ ಬುದ್ಧಿವಂತಿಕೆಯೂ ಚಾಲ್ತಿಯಲ್ಲಿದೆ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್‌ಗಳು ಸಿಮೆಂಟನ್ನೇ ತಿನ್ನುತ್ತವೆ, ಉಪ್ಪೇ ವಾಸಿ.

ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ತೋರಿಸದೆ ಮರಳಷ್ಟೇ ಚೆಲ್ಲಬೇಕು ಎಂಬುದು ಈಗ ಎಲ್ಲರೂ ಹೇಳುವ ಮಾತು. ಅದನ್ನು ಚಾಚೂ ತಪ್ಪದೆ ಪಾಲಿಸಿದವರ ಡ್ರೈವ್‌ವೇಯಲ್ಲೂ ಕಾರು ನಿಲ್ಲುವ ಕಡೆ ಚಕ್ಕೆ ಏಳುವುದುಂಟು. ಹೆದ್ದಾರಿಯ ಉಪ್ಪು ಕಾರಿನ ಅಡಿಗೆ ಮೆತ್ತಿಕೊಂಡು ಬಂದು, ಕರಗಿ, ರಾತ್ರಿಯಿಡೀ ಅಲ್ಲೇ ತೊಟ್ಟಿಕ್ಕಿರುತ್ತದೆ.